ಬಾಡಿಗೆಗೆ ಕೊಟ್ಟ ಕೂದಲು

೧೨ ಮಾರ್ಚ್ ೨೦೦೬, ಭಾನುವಾರ

ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಹೋಗಿ ಫೋಟೊ ತೆಗೆಸಿಕೊಂಡು ಬಂದೆವು. ಮುಂದಿನ ಭಾನುವಾರ ದೇವರಗುಡ್ಡದಲ್ಲಿ ನನ್ನ ಮಗ ಕೊಟ್ರೇಶನ ಜವಳ. ಹುಟ್ಟಿದಾಗಿನಿಂದ ಕತ್ತರಿ ಕಾಣದ ತಲೆ ಅದು, ಕೂದಲು ಸೊಂಟ ಮುಟ್ಟಲು ನಾಲ್ಕು ಬೆರಳು ಬಾಕಿ. ಹುಟ್ಟಿದ ವಾರದಲ್ಲೇ ಕಾಮಾಲೆಯಾಗಿ ಕೂಸು ಕೈತಪ್ಪುವಂತಿದ್ದಾಗ ನನ್ನ ಅವ್ವ ಗದಿಗೆವ್ವ ದೇವರಗುಡ್ಡದ ಮೈಲಾರಲಿಂಗನಿಗೆ ಹರಕೆ ಹೊತ್ತಳು, ಮೊದಲ ಕೂದಲು ನಿನಗೇ ಎಂದು. ಮೂರನೆಯ ವರ್ಷದಲ್ಲಿ ಆಗಬೇಕಾದದ್ದು ಐದು ದಾಟಿತು. ಕೂಸು ತಾಯಿಯ ತೊಡೆಯ ಮೇಲೆ ಕೂರಬೇಕು, ಸೋದರಮಾವ ಮೊದಲ ಎಳೆ ಕತ್ತರಿಸಬೇಕು. ಸೋದರಮಾವ ಮಾಂತೇಶ ಕರೆದಾಗ ಬರುವವನು. ತಾಯಿಗೆ ಬಿಡುವಿಲ್ಲ.

ತಾಯಿ ಎಂದರೆ ಭುವನಾ. ಮೊದಲು ನಾಟಕ ಕಂಪನಿಯಲ್ಲಿದ್ದಳು, ಈಗ ಟಿವಿ ಧಾರಾವಾಹಿಯ ಜಗಳಗಂಟಿ ಸೊಸೆ. ತಿಂಗಳಲ್ಲಿ ಇಪ್ಪತ್ತು ದಿನ ಬೆಂಗಳೂರಿನಲ್ಲಿ ಶೂಟಿಂಗು. ಇವತ್ತು ಬಸ್ಸಿನಲ್ಲಿ ಇಬ್ಬರು ಹೆಂಗಸರು ನನ್ನನ್ನು ತೋರಿಸಿ 'ಭುವನಾನ ಗಂಡ' ಎಂದು ಪಿಸುಗುಟ್ಟಿದರು. ಹದಿನಾಲ್ಕು ವರ್ಷದಿಂದ ಶಾಲೆಯಲ್ಲಿ ಗಂಟಲು ಹರಿದುಕೊಂಡಿದ್ದೇನೆ, ವೀರೇಂದ್ರ ಮಾಸ್ತರ್ ಎಂದು ಒಬ್ಬರಾದರೂ ಅನ್ನಬಾರದೆ.

ಜವಳಕ್ಕೆ ಮೊದಲು ಗಂಡುಹುಡುಗನಿಗೆ ಲಂಗ ಉಡಿಸಿ, ಮೊಗ್ಗಿನ ಜಡೆ ಹೆಣೆದು, ಬೆನ್ನ ಹಿಂದೆ ಕನ್ನಡಿ ಇಟ್ಟು ಫೋಟೊ ತೆಗೆಸುವುದು ನಮ್ಮ ಕಡೆಯ ಪದ್ಧತಿ. ನನ್ನದೂ ಒಂದಿದೆ. ಬಂದವರಿಗೆಲ್ಲ ಅದನ್ನು ತೋರಿಸಿ ಅವ್ವ ನನ್ನ ಮಾನ ಕಳೆಯುತ್ತಾಳೆ. ಸ್ಟೇಶನ್ನಿನ ಹತ್ತಿರ ಯೂಸುಫಸಾಬನ ಸ್ಟುಡಿಯೊದಲ್ಲಿ ಕೊಟ್ರೇಶ ಲಂಗ ಎತ್ತಿ ಎತ್ತಿ ಓಡಾಡಿದ. ಒಳಗಿನ ಚಡ್ಡಿ ತೋರಿಸಿ, 'ನಾ ಗಂಡಸ ಅದೇನಿ' ಎಂದು ಗಿರಾಕಿಗಳಿಗೆಲ್ಲ ಸಾರಿದ.

ಅಲ್ಲಿನ ಟಿವಿಯಲ್ಲಿ ಯಾವುದೋ ಸಿನಿಮಾ ನಟನ ಎರಡು ವರ್ಷದ ಮಗಳಿಗೆ ಸಾಬೂನಿನ ಜಾಹೀರಾತಿಗಾಗಿ ಕೋಟಿ ಕೊಟ್ಟ ಸುದ್ದಿ ಬರುತ್ತಿತ್ತು. 'ನಸೀಬದ ಕೂಸು ನೋಡ್ರಿ' ಎಂದ ಯೂಸುಫಸಾಬ.

'ನಸೀಬ ಅಲ್ಲೋ, ಇದು ಬಾಲಕಾರ್ಮಿಕ ಪದ್ಧತಿ' ಎಂದೆ. 'ಬಡವರ ಕೂಸು ದುಡದ್ರ ಕೇಸು, ಸಾಹುಕಾರರ ಕೂಸು ದುಡದ್ರ ಸುದ್ದಿ. ಹೆಸರು ಅಪ್ಪ-ಅವ್ವಂದು, ನಿದ್ದಿಗೆಡೂದು ಕೂಸು.' ಅಂಗಡಿಯಲ್ಲಿದ್ದವರೆಲ್ಲ ತಲೆಯಾಡಿಸಿದರು. ಚೆನ್ನಾಗಿ ಹೇಳಿದೆ ಎಂದು ನನಗೂ ಅನಿಸಿತು.

ಬರುವಾಗ ಕೊಟ್ರೇಶ ತೊಡೆಯ ಮೇಲೆ ಮಲಗಿದ್ದ. ಜಡೆ ಚುಚ್ಚುತ್ತಿತ್ತು. ದಿನಾ ಅದಕ್ಕೆ ಎಣ್ಣೆ ಹಚ್ಚಿ ಬಾಚುವುದು ಅವ್ವನ ಕೆಲಸ, ನನಗೆಲ್ಲಿಯ ಪುರಸೊತ್ತು. ಇನ್ನೊಂದು ವಾರಕ್ಕೆ ಅವಳಿಗೂ ಬಿಡುಗಡೆ.

೧೮ ಮಾರ್ಚ್, ಶನಿವಾರ

ನಾಳೆಯ ಜವಳ ಇಲ್ಲ. ಭುವನಾಳ ಶೂಟಿಂಗು ಮುಂದುವರಿದಿದೆ. ಅವ್ವ ಬೆಳಿಗ್ಗೆಯಿಂದ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಾಳೆ.

ಸಂಜೆ ಹಾವೇರಿಯಿಂದ ಪರಮೇಶಪ್ಪ ಎಂಬವರು ಕಾರಿನಲ್ಲಿ ಬಂದರು. 'ಹೆರಳಸಿರಿ' ಎಂಬ ತಲೆಎಣ್ಣೆಯ ಕಾರ್ಖಾನೆ ಅವರದು. ಯೂಸುಫಸಾಬ ಮಹಾಶಯ ನಮ್ಮ ಫೋಟೊ ದೊಡ್ಡದು ಮಾಡಿ, 'ನಟಿ ಭುವನಾ ಅವರ ಕೂಸು' ಎಂದು ಬರೆದು ಗಾಜಿನಲ್ಲಿ ತೂಗುಹಾಕಿದ್ದಾನೆ. ಇವರು ಕಾರು ನಿಲ್ಲಿಸಿ ನೋಡಿದರಂತೆ.

'ನಿಮ್ಮ ಮಗಳ ಕೂದಲಾ ನಮ್ಮ ಎಣ್ಣಿಗೆ ಹೇಳಿ ಮಾಡಿಸಿದಂಗ ಅದಾವ್ರಿ' ಎಂದರು.

ಅದು ಮಗಳಲ್ಲ, ಮಗ ಎಂದೆ. ಅವರು ಚಹಾದ ಬಸಿ ಕೆಳಗಿಟ್ಟು ನಕ್ಕರು. 'ಕೂದಲಾ ಖರೇ ಅದಾವಿಲ್ಲೋ? ಅಷ್ಟ ಸಾಕು. ಹೆಣ್ಣು ಅಂತ ನಾವು ಬರೆಯೂದಿಲ್ಲ. ಮಂದಿ ತಾವ ತಿಳ್ಕೊಂತಾರ.'

ಆಮೇಲೆ ಒಂದು ಮೊತ್ತ ಹೇಳಿದರು. ನಾಲ್ಕು ವರ್ಷ ಪಾಠ ಹೇಳಿದರೆ ನನಗೆ ಬರುವ ಸಂಬಳ ಅದು. ಸುಮ್ಮನೆ ಬರೆದಿಡುತ್ತಿದ್ದೇನೆ, ನನಗೇನೂ ಆಸೆಯಿಲ್ಲ. ವಿಚಾರ ಮಾಡಿ ಹೇಳುತ್ತೇನೆ ಎಂದು ಕಳಿಸಿದೆ. ಮನೆಗೆ ಬಂದವರಿಗೆ ಬಾಗಿಲಲ್ಲೇ ಇಲ್ಲ ಎನ್ನುವುದು ಮರ್ಯಾದೆಯಲ್ಲ.

೨೬ ಮಾರ್ಚ್, ಭಾನುವಾರ

ಭುವನಾಳೊಂದಿಗೆ ಮೂರು ಸಲ ಫೋನಿನಲ್ಲಿ ಜಗಳ. ಅವಳು ಬೇಡ ಎನ್ನುತ್ತಾಳೆ. ಬಣ್ಣದವಳು ಕುಣಿದಾಡುತ್ತಾಳೆ ಎಂದುಕೊಂಡಿದ್ದೆ, ತಿರುಗುಮುರುಗಾಯಿತು.

'ನಾ ಆರು ವರ್ಷದಾಕಿದ್ದಾಗ ಬಣ್ಣ ಹಚ್ಚೇನಿ' ಎಂದಳು. 'ಮನಿ ನನ್ನ ರೊಕ್ಕದಾಗ ನಡೀತು. ನನಗ ಒಂದು ಜೋಡು ಚಪ್ಪಲಿ ಬೇಕಂದ್ರ ಅಪ್ಪನ್ನ ಬೇಡಬೇಕಿತ್ತು. ಬ್ಯಾಡ್ರಿ.'

'ನಿಮ್ಮಪ್ಪ ರೊಕ್ಕ ತಿಂದ. ನಾ ತಿನ್ನಾವಲ್ಲ. ಎಲ್ಲಾ ಕೊಟ್ರೇಶನ ಹೆಸರಿಲೆ ಬ್ಯಾಂಕಿನಾಗ ಇಡತೇನಿ' ಎಂದೆ.

ನಾನು ಯೋಚಿಸಿದ ರೀತಿ ಇದು. ಕೂಸಿನಿಂದ ದುಡಿಸಿಕೊಳ್ಳುವುದು ತಪ್ಪು. ಆದರೆ ಕೂಸಿನ ತಲೆಯ ಮೇಲೆ ತಾನೇ ಬೆಳೆದದ್ದು ದುಡಿದರೆ? ಹೇಗೂ ಜವಳ ಮುಂದೆ ಹೋಗಿದೆ. ಹೆಸರಿದ್ದವರ ಮನೆಯಲ್ಲಿ ಹುಟ್ಟಿದ್ದಕ್ಕೆ ನಾಲ್ಕು ಜನ ನೋಡುತ್ತಾರೆ, ನೋಡುವುದಕ್ಕೆ ಒಬ್ಬರು ದುಡ್ಡು ಕೊಡುತ್ತಾರೆ. ತಂದೆ ಓದಿದವನಾಗಿ, ಕಾನೂನು ತಿಳಿದವನಾಗಿ ಪಕ್ಕದಲ್ಲಿದ್ದರೆ ಅದು ಬಾಲಕಾರ್ಮಿಕ ಪದ್ಧತಿ ಹೇಗಾಗುತ್ತದೆ? ಟಿವಿಯಲ್ಲಿ ನೋಡಿದ ಆ ನಟನ ವಿಷಯ ಬೇರೆ.

ಕೊನೆಗೆ ಅವಳು, 'ನಿಮ್ಮ ಜೋಡಿ ವಾದ ಮಾಡಿ ಗೆದ್ದಾವರು ಯಾರು' ಎಂದು ಫೋನು ಇಟ್ಟಳು. ಅಂದರೆ ಒಪ್ಪಿದ ಹಾಗೆಯೇ.

೨ ಏಪ್ರಿಲ್, ಭಾನುವಾರ

ಹಾವೇರಿಗೆ ಹೋಗಿ ಕರಾರಿಗೆ ಸಹಿ ಮಾಡಿದೆ. ಅರ್ಧ ಹಣ ಈಗ, ಅರ್ಧ ಅಕ್ಟೋಬರಿನಲ್ಲಿ ಎರಡನೆಯ ಶೂಟಿಂಗು ಮುಗಿದ ಮೇಲೆ. ಎರಡು ವರ್ಷ ಕೂದಲು ಕತ್ತರಿಸುವಂತಿಲ್ಲ. ಕತ್ತರಿಸಿದರೆ ಪಡೆದದ್ದನ್ನು ಬಡ್ಡಿ ಸಮೇತ ತಿರುಗಿ ಕೊಡಬೇಕು. ಜಾಹೀರಾತಿನಲ್ಲಿ ಕೊಟ್ರೇಶನ ಹೆಸರು 'ಮುತ್ತು'. ನಾಲ್ಕು ಜನರ ಮುಂದೆ ನಾವೂ ಹಾಗೆಯೇ ಕರೆಯಬೇಕು.

ಅವ್ವನಿಗೆ ಹೇಳಿದಾಗ ಜೋಳ ಹಸನು ಮಾಡುತ್ತಿದ್ದಳು. ಮೊರ ಅಲ್ಲಿಗೇ ನಿಂತಿತು. 'ಅವು ನಿನ್ನ ಕೂದಲಾ ಅಲ್ಲ, ನನ್ನವೂ ಅಲ್ಲ. ಐದು ವರ್ಷದ ಹಿಂದ ದೇವರಿಗೆ ಕೊಟ್ಟಾವು. ದೇವರ ಕೂದಲಾ ಬಾಡಿಗಿ ಕೊಟ್ಟು ಬಂದ್ಯೇನೋ?'

ದೇವರಿಗೆ ಎರಡು ವರ್ಷ ಏನು ಲೆಕ್ಕ ಎಂದೆ. ಅವಳು ಮೊರ ಎತ್ತಿಕೊಂಡು ಎದ್ದು ಹೋದಳು. ವಯಸ್ಸಾದವರಿಗೆ ತಿಳಿಹೇಳುವುದು ಕಷ್ಟ.

೨೩ ಏಪ್ರಿಲ್, ಭಾನುವಾರ

ಶೂಟಿಂಗ್ ಆಯಿತು. ಬೆಳಿಗ್ಗೆ ಏಳಕ್ಕೆ ಶುರುವಾದದ್ದು ದೀಪ ಹಚ್ಚುವ ಹೊತ್ತಾದರೂ ಮುಗಿಯಲಿಲ್ಲ. ಲೈಟುಗಳ ಸೆಕೆಗೆ ನನಗೇ ತಲೆ ಸುತ್ತಿತು. ಕೊಟ್ರೇಶ ಗದ್ದ ಎತ್ತಿ, ಕತ್ತು ನೆಟ್ಟಗೆ ಮಾಡಿ ಕೂರಬೇಕು, ಹಿಂದೆ ಒಬ್ಬಳು ಕೂದಲು ಹಾರಿಸಬೇಕು. ಗದ್ದ ಇಳಿಸಿದಾಗಲೆಲ್ಲ ಕ್ಯಾಮೆರಾದವನು 'ಚಿನ್ನೀ, ಗದ್ದಾ' ಎಂದು ಕೂಗುತ್ತಿದ್ದ. ಮಧ್ಯಾಹ್ನದ ಮೇಲೆ ಕೂಸು ಅಳಲು ಶುರುಮಾಡಿತು, ಲಂಗದಲ್ಲೇ ಉಚ್ಚೆ ಹೊಯ್ದುಕೊಂಡಿತು. ಎಲ್ಲರೂ ನನ್ನ ಕಡೆ ನೋಡಿದರು. ಹತ್ತಿರ ಹೋಗಿ ಮೆಲ್ಲಗೆ, 'ಅಳಬ್ಯಾಡ, ಕಣ್ಣು ಕೆಂಪಾದ್ರ ರೊಕ್ಕ ಕೊಡೂದಿಲ್ಲ' ಎಂದೆ. ಜಾಣ, ತಟ್ಟನೆ ನಿಲ್ಲಿಸಿದ. ಪರಮೇಶಪ್ಪನವರು, 'ಮಾಸ್ತರಕಿ ಅಂದ್ರ ಇದು' ಎಂದು ನನ್ನ ಬೆನ್ನು ತಟ್ಟಿದರು.

೨೦ ಮೇ, ಶನಿವಾರ

ರಾಣೆಬೆನ್ನೂರು ಬಸ್ ಸ್ಟ್ಯಾಂಡಿನ ಎದುರು ಬೋರ್ಡು ಎದ್ದಿದೆ. ಎರಡು ಅಂತಸ್ತಿನಷ್ಟು ಎತ್ತರ. ಹಾವೇರಿಯಲ್ಲಿ ಎರಡು, ಕಾಗಿನೆಲೆ ರಸ್ತೆಯಲ್ಲಿ ಒಂದು. 'ಭುವನಾ ಅವರ ಮುದ್ದಿನ ಮುತ್ತು, ಮುತ್ತಿನ ಮೆಚ್ಚಿನ ಹೆರಳಸಿರಿ.' ಅದರ ಕೆಳಗೆ ನಿಂತು ಚಹಾ ಕುಡಿದೆ. ಆಟೊದವನೊಬ್ಬ 'ಮುತ್ತೂನ ಅಪ್ಪಾರಲ್ಲೇನ್ರಿ' ಎಂದು ದುಡ್ಡು ತೆಗೆದುಕೊಳ್ಳಲಿಲ್ಲ. ಭುವನಾನ ಗಂಡ ಎನ್ನುವುದಕ್ಕಿಂತ ಇದು ವಾಸಿ.

ಈಗ ಎಣ್ಣೆ ಹಚ್ಚುವ ಕೆಲಸ ನನ್ನದು. ಅವ್ವನದು ಒರಟು ಕೈ, ಎಳೆ ತುಂಡಾಗುತ್ತವೆ. ದಿನಾ ಸಂಜೆ ಆರಕ್ಕೆ ಮುತ್ತು ಬಾಟಲಿ, ಹಣಿಗೆ ತಂದು ನನ್ನ ಮುಂದೆ ಬೆನ್ನು ಮಾಡಿ ಕೂರುತ್ತದೆ. ಒಂದು ತಾಸು ಹಚ್ಚುತ್ತೇನೆ, ಕತೆ ಹೇಳುತ್ತೇನೆ. ನರಿಯ ಕತೆ ಎಷ್ಟು ಸಲ ಹೇಳಿದರೂ ಸಾಲದು ಅದಕ್ಕೆ. ಬಿಸಿಲಿಗೆ ಕೂದಲು ಕೆಂಪಾಗುತ್ತದೆಂದು ಹೊರಗೆ ಆಡಲು ಬಿಡುತ್ತಿಲ್ಲ. ಮೆಣಸಿನಕಾಯಿ ಪೇಟೆಯ ಘಾಟಿನ ಧೂಳು ಬೇರೆ.

ಬ್ಯಾಂಕಿನಲ್ಲಿ ಇಟ್ಟದ್ದನ್ನು ತೆಗೆದು ರಾಣೆಬೆನ್ನೂರಿನಲ್ಲಿ ಒಂದು ಸೈಟು ಹಿಡಿದೆ. ಬ್ಯಾಂಕಿನ ಬಡ್ಡಿ ಯಾವ ಮೂಲೆಗೆ. ಸೈಟು ನನ್ನ ಹೆಸರಿಗೇ ಆಯಿತು, ಕೂಸಿನ ಹೆಸರಿಗೆ ಮಾಡಿಸಲು ಓಡಾಟ ಬಹಳ ಎಂದರು. ಭುವನಾಳಿಗೆ ನಿಧಾನ ಹೇಳಿದರಾಯಿತು.

೫ ಜೂನ್, ಸೋಮವಾರ

ಶಾಲೆಗಳು ಶುರುವಾದವು. ದಾಖಲಾತಿ ಆಂದೋಲನದಲ್ಲಿ ನನಗೆ ನಮ್ಮ ಓಣಿ ಮತ್ತು ಪೇಟೆಯ ಹಿಂದಿನ ಓಣಿ ಬಂದಿವೆ. ಮುತ್ತುವನ್ನು ಈ ವರ್ಷ ಸೇರಿಸುತ್ತಿಲ್ಲ. ಗಂಡುಹುಡುಗರ ಸಾಲಿನಲ್ಲಿ ಕೂರಿಸಿದರೆ ಗುಟ್ಟು ರಟ್ಟು, ಹುಡುಗಿಯರ ಸಾಲಿನಲ್ಲಿ ಕೂರಿಸಿದರೆ ಮೂತ್ರಕ್ಕೆ ಬಿಟ್ಟ ಹೊತ್ತಿನಲ್ಲಿ ರಟ್ಟು. ಮುಂದಿನ ವರ್ಷ ನೋಡೋಣ. ನಾನು ಮನೆಯಲ್ಲೇ ಕಲಿಸಬಲ್ಲೆ.

ಪೇಟೆಯ ಹಿಂದೆ ಚೌಡವ್ವ ಎಂಬವಳು ಮಗಳು ಸುಶ್ಮಿತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಹುಡುಗಿಗೆ ಎಂಟು ವರ್ಷ, ಬೆರಳೆಲ್ಲ ಉರಿ ಬಿದ್ದು ಕೆಂಪಾಗಿದ್ದವು. ಮಕ್ಕಳನ್ನು ದುಡಿಸುವುದು ಅಪರಾಧ ಎಂದು ಗದರಿಸಿದೆ.

'ನನ್ನ ಮಗಳು ನೆರಳಾಗ ಕುಂತು ದುಡೀತೈತ್ರಿ' ಎಂದಳು ಆಕೆ. 'ನಿಮ್ಮ ಮಗಳು ಬಸ್ ಸ್ಟ್ಯಾಂಡ್ನ್ಯಾಗ ಹಗಲೂ ರಾತ್ರಿ ಬಿಸಲಾಗ ನಿಂತಾಳ. ಆಕಿ ಯಾವ ಸಾಲಿಗೆ ಹೊಕ್ಕಾಳ್ರಿ ಸರ್?'

ಬೋರ್ಡಿಗೂ ಕೂಸಿಗೂ ವ್ಯತ್ಯಾಸ ತಿಳಿಯದವಳಿಗೆ ಏನು ಹೇಳುವುದು. ಹೆಸರು ಬರೆದುಕೊಂಡೆ. ನಾನು ಎದ್ದಾಗ ಅವಳೇ, 'ಒಂದು ಎಣ್ಣಿ ಬಾಟ್ಲಿ ಇದ್ರ ಕೊಡ್ರಿ, ಹುಡುಗಿ ತಲಿ ಗುಬ್ಬಿ ಗೂಡಾಗೇತಿ' ಎಂದಳು. ಕೊಡುತ್ತೇನೆ ಎಂದು ಬಂದೆ. ಕೊಟ್ಟರೆ ನಾಳೆ ಓಣಿಯೇ ಬಾಗಿಲಿಗೆ ಬರುತ್ತದೆ.

೧೫ ಜುಲೈ, ಶನಿವಾರ

ಹೇನು. ಹೆರಳಸಿರಿ ಮುತ್ತುವಿನ ತಲೆಯಲ್ಲಿ ಹೇನು. ನಾನು ಶಾಲೆಯಲ್ಲಿದ್ದಾಗ ಅವ್ವ ಆಡಲು ಬಿಟ್ಟಿದ್ದಾಳೆ, ಅದೂ ಆ ಸುಶ್ಮಿತಾಳ ಜೊತೆ. ಮುತ್ತುವಿಗೆ ಒಂದು ಏಟು ಕೊಟ್ಟೆ. ಕೈಬೆರಳು ಕೆನ್ನೆಯ ಮೇಲೆ ಮೂಡಿದವು. ಅವ್ವ ಎರಡು ಹೊತ್ತು ಊಟ ಬಿಟ್ಟಿದ್ದಾಳೆ. ಬಿಡಲಿ.

ಸಂಜೆ ಆರಕ್ಕೆ ಮುತ್ತು ಬಾಟಲಿ ತಂದು ಕೂತಿತು, ದಿನದ ಹಾಗೆ.

೨೪ ಜುಲೈ, ಸೋಮವಾರ

ಐದು ದಿನದಿಂದ ಜ್ವರ. ಹಾವೇರಿಯ ಆಸ್ಪತ್ರೆಗೆ ಸೇರಿಸಿದ್ದೇವೆ. ವಿಷಮಶೀತಜ್ವರವಂತೆ. ಹಣೆಗೂ ನೆತ್ತಿಗೂ ಒದ್ದೆ ಬಟ್ಟೆ ಹಾಕುತ್ತಿದ್ದಾರೆ. ಇಷ್ಟು ಒದ್ದೆ ಮಾಡಿದರೆ ಕೂದಲಿನ ಬುಡ ಸಡಿಲಾಗುವುದಿಲ್ಲವೇ ಎಂದು ಡಾಕ್ಟರರನ್ನು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ತಿಳಿಯಲಿಲ್ಲವೇನೋ ಎಂದು ಮತ್ತೊಮ್ಮೆ ಬಿಡಿಸಿ ಕೇಳಿದೆ.

'ಮೊದಲ ಜೀವ ನೋಡ್ರಿ ಮಾಸ್ತರ. ಈ ಕೂದಲಾ ತಗಿಸಿಬಿಟ್ರ ಕೂಸಿಗೂ ಹಗರ, ನಮಗೂ ಹಗರ' ಎಂದರು.

ಪರಮೇಶಪ್ಪನವರಿಗೆ ಫೋನು ಮಾಡಿ ಕೇಳಿದೆ. ಶೂಟಿಂಗಿನ ತನಕ ಹೇಗಾದರೂ ತಡೆಯಿರಿ ಎಂದರು. ಡಾಕ್ಟರರಿಗೆ ಬೇಡ ಎಂದೆ. ಅವ್ವ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಳು. 'ಯಾರನ್ನ ಕೇಳಬೇಕೋ ಅವನ್ನ ಬಿಟ್ಟು ಎಲ್ಲಾರನ್ನೂ ಕೇಳತಿ' ಎಂದಳು. ದೇವರಗುಡ್ಡದ ಕಡೆ ಮುಖ ಮಾಡಿ ಸೆರಗೊಡ್ಡಿ ಕೂತಿದ್ದಾಳೆ.

ಭುವನಾ ಎರಡು ದಿನ ಇದ್ದು ಹೋದಳು. ಕೂಸಿನ ಕಾಲು ತಿಕ್ಕುತ್ತ ಕೂತಿದ್ದಳು.

೪ ಆಗಸ್ಟ್

ಜ್ವರ ಬಿಟ್ಟಿತು. ಮನೆಗೆ ಬಂದೆವು. ಕೂದಲಿಗೆ ಏನೂ ಆಗಿಲ್ಲ. ಸದ್ಯ.

೨ ಸೆಪ್ಟೆಂಬರ್, ಶನಿವಾರ

ಉದುರುತ್ತಿವೆ. ಒಂದು ಸಲ ಬಾಚಿದರೆ ಹಣಿಗೆ ಕಾಣುವುದಿಲ್ಲ. ಈ ಜ್ವರ ಬಿಟ್ಟು ತಿಂಗಳಾದ ಮೇಲೆ ಹೀಗೆ ಉದುರುವುದುಂಟಂತೆ. ಡಾಕ್ಟರರು ಎಷ್ಟು ಸಲೀಸಾಗಿ ಹೇಳಿದರು, ತಾವೇ ಮತ್ತೆ ಬರುತ್ತವೆ ಎಂದು. ಅಕ್ಟೋಬರ್ ಎಂಟರ ಶೂಟಿಂಗಿಗೆ ಬರುತ್ತವೆಯೆ?

ಭೃಂಗರಾಜ, ಮೆಂತ್ಯ, ಈರುಳ್ಳಿ ರಸ, ತತ್ತಿ, ಎಲ್ಲ ಆಯಿತು. ಈರುಳ್ಳಿ ರಸಕ್ಕೆ ಮುತ್ತು ಕಣ್ಣುರಿ ಎಂದು ಅತ್ತಿತು. 'ಕೂದಲಾ ಹ್ವಾದ್ರ ನಿನ್ನ ಯಾರು ಕೇಳತಾರೋ' ಎಂದು ಗದರಿಸಿದೆ. ಹೆರಳಸಿರಿಯನ್ನಂತೂ ಮೂರು ಹೊತ್ತು ಹಚ್ಚುತ್ತಿದ್ದೇನೆ. ಬಾಟಲಿಯ ಮೇಲೆ 'ಉದುರುವ ಮಾತೇ ಇಲ್ಲ' ಎಂದು ಬರೆದಿದೆ, ಪಕ್ಕದಲ್ಲಿ ಮುತ್ತುವಿನದೇ ಮುಖ. ಹಣ ತಿರುಗಿ ಕೊಡಬೇಕಾಗಿ ಬಂದರೆ ಸೈಟು ಹೋಯಿತು. ಬೋರ್ಡು ಇಳಿಯುತ್ತದೆ. ಮತ್ತೆ ಭುವನಾನ ಗಂಡ.

ನಿದ್ದೆ ಬರುತ್ತಿಲ್ಲ.

೧೪ ಸೆಪ್ಟೆಂಬರ್

ಕಡಿಮೆಯಾಗಿದೆ. ಎರಡು ದಿನದಿಂದ ಹಣಿಗೆಯಲ್ಲಿ ಒಂದೆರಡು ಎಳೆಯಷ್ಟೇ. ಬೆಳಿಗ್ಗೆ ದಿಂಬಿನ ಮೇಲೆ ಒಂದೂ ಇಲ್ಲ. ಮೆಂತ್ಯದ್ದೇ ಗುಣ. ಆದರೆ ತಲೆ ತೆಳ್ಳಗೆ ಕಾಣುತ್ತದೆ, ಬೈತಲೆಯ ಹತ್ತಿರ ಚರ್ಮ ತೋರುತ್ತದೆ. ಹೊಸದು ಬರುತ್ತಿರಬೇಕು. ಇಂದು ಖುಷಿಯಿಂದ ನರಿಯ ಕತೆ ಎರಡು ಸಲ ಹೇಳಿದೆ. ಮುತ್ತು ತಿರುಗಿ, 'ಅಪ್ಪಾ, ಇವತ್ತ ಕೂದಲಾ ಉದುರಿಲ್ಲಲ್ಲ?' ಎಂದಿತು. ಇಲ್ಲ, ಶಾಣ್ಯಾ ಎಂದು ಮುದ್ದಿಸಿದೆ.

೨೨ ಸೆಪ್ಟೆಂಬರ್, ಶುಕ್ರವಾರ

ಭುವನಾ ಬೆಳಿಗ್ಗೆ ಬಂದಳು. ಮಹಾಲಯ ಅಮಾವಾಸ್ಯೆಯ ಗಡಿಬಿಡಿ, ಹಾಸಿಗೆಗಳನ್ನು ಬಿಸಿಲಿಗೆ ಹಾಕಲು ಎತ್ತಿದಳು. ಕೂಸಿನ ಗಾದಿಯ ಕೆಳಗೆ ಗೋಡೆಗೆ ಒತ್ತಿ ಹೆರಳಸಿರಿಯ ಖಾಲಿ ರಟ್ಟಿನ ಡಬ್ಬಿ. ತೆರೆದರೆ ತುಂಬ ಕೂದಲು. ಕೈಯಿಂದ ಒತ್ತಿ ಒತ್ತಿ ತುಂಬಿದ್ದು.

ನನ್ನನ್ನು ಕರೆದಳು. ನಾನು ಮೊದಲು ಅವ್ವನ ಮೇಲೆ ಹೋದೆ, ದೇವರಿಗೆಂದು ಕೂಡಿಡುತ್ತಿದ್ದೀಯಾ ಎಂದು. ಅವ್ವ ಸುಮ್ಮನೆ ಕೂಸಿನ ಕಡೆ ನೋಡಿದಳು.

ಕೂಸು ಕಂಬ ಹಿಡಿದು ನಿಂತಿತ್ತು. ಭುವನಾ ಅದನ್ನು ತೊಡೆಯ ಮೇಲೆ ಎತ್ತಿಕೊಂಡು ಬಹಳ ಹೊತ್ತು ಕೇಳಿದ ಮೇಲೆ ಅವಳ ಕಿವಿಯಲ್ಲಿ ಹೇಳಿತು. ದಿನಾ ನಾನು ಏಳುವ ಮೊದಲೇ ಎದ್ದು ದಿಂಬು ಝಾಡಿಸುತ್ತದಂತೆ. ಸಂಜೆ ನಾನು ಬರುವ ಮೊದಲು ತಾನೇ ಬಾಚಿಕೊಂಡು ಉದುರುವುದನ್ನೆಲ್ಲ ಉದುರಿಸಿ ಇಡುತ್ತದಂತೆ. ಮತ್ತೆ ಅಂಟಿಸಬಹುದು ಎಂದುಕೊಂಡಿತ್ತಂತೆ.

'ಯಾಕಪಾ?' ಎಂದಳು ಭುವನಾ.

'ಅಪ್ಪಗ ಹೇಳಬ್ಯಾಡ. ಕೂದಲಾ ಎಲ್ಲಾ ಹ್ವಾದ್ರ ಅಪ್ಪ ನನ್ನ ಹತ್ರ ಕುಂದ್ರೂದಿಲ್ಲ.'

ನಾನು ಅಲ್ಲೇ ಎರಡು ಮಾರು ದೂರದಲ್ಲಿದ್ದೆ. ಕೂಸು ಗುಟ್ಟು ಹೇಳಿದರೆ ಮನೆಗೆಲ್ಲ ಕೇಳಿಸುತ್ತದೆ.

ಭುವನಾ ಬಯ್ಯಲಿಲ್ಲ. ಧಾರಾವಾಹಿಯಲ್ಲಿ ಬಯ್ಯುವವಳು, ಮನೆಯಲ್ಲಿ ಬಯ್ಯಲಿಲ್ಲ. 'ನಾ ಜ್ವರದಾಗ ಮಕ್ಕೊಂಡಿದ್ರ ನಮ್ಮಪ್ಪ ಬಂದು, ಸಂಜಿಕ ನಾಟಕಕ್ಕ ಏಳತೀಯೇನು ಅಂತ ಕೇಳತಿದ್ದ' ಎಂದಳು. 'ರೊಕ್ಕ ತಿಂದನಂತ ನನಗ ಸಿಟ್ಟಿಲ್ರಿ. ಜ್ವರ ಹೆಂಗೈತಿ ಅಂತ ಒಂದ ದಿನಾ ಕೇಳಲಿಲ್ಲ.'

ಉತ್ತರ ಕೊಡಲು ಬಾಯಿ ತೆರೆದೆ. ವಾದದಲ್ಲಿ ನನ್ನನ್ನು ಗೆದ್ದವರಿಲ್ಲ. ಸೈಟಿನ ವಿಷಯ ಹೇಳಿಬಿಟ್ಟೆ, ಅದೊಂದೇ ಬಾಯಿಗೆ ಬಂದದ್ದು. ಅವಳು ಹೂಂ ಎಂದಳು. ನಾಡಿದ್ದು ಭಾನುವಾರ ಜವಳ, ಮಾಂತೇಶನಿಗೆ ಹೇಳಿ ಕಳಿಸಿದ್ದಾಳೆ.

ಪುಟದ ಮೇಲಿನಿಂದ ಓದಿದೆ. ಎಲ್ಲ ಕಡೆ ಕೂಸು ಕೂಸು ಎಂದೇ ಬರೆದಿದ್ದೇನೆ. ಕೊಟ್ರೇಶ ಎಂದು ಒಂದು ಕಡೆಯೂ ಇಲ್ಲ. ಇನ್ನು ಬರೆಯಲಾರೆ.

೨೪ ಸೆಪ್ಟೆಂಬರ್, ಭಾನುವಾರ

ದೇವರಗುಡ್ಡ. ಗುಡಿಯ ಹಿಂದೆ ಕಲ್ಲುಹಾಸಿನ ಮೇಲೆ ಭುವನಾ ಕೂತಳು, ತೊಡೆಯ ಮೇಲೆ ಅವನು. ಇಡೀ ದಾರಿ ನನ್ನ ಮುಖ ನೋಡುತ್ತ ಬಂದಿದ್ದ. ಟಿವಿಯ ಸೊಸೆ ಬಂದಿದ್ದಾಳೆಂದು ಸುತ್ತ ಜನ ಕೂಡಿದರು. ಒಬ್ಬ ಹೆಂಗಸು ಬೆರಳು ಮಾಡಿ, 'ಎಣ್ಣಿ ಬೋರ್ಡಿನ ಹುಡುಗಿ ಅಲ್ಲೇನ ಇದು' ಎಂದಳು. ಕ್ಷೌರದ ಮೈಲಪ್ಪ ಕತ್ತಿ ಮಸೆಯುವುದನ್ನು ನಿಲ್ಲಿಸಿದ.

'ಹೆಣ್ಣ ಕೂಸಿನ ತಲಿ ಯಾಕ ಬೋಳಸ್ತೀರ್ರಿ? ಹೆಸರೇನಬೇ ನಿಂದು?'

ಅವನು ನನ್ನ ಕಡೆ ನೋಡಿದ. ಯಾವುದು ಹೇಳಲಿ ಎಂದು ಕಣ್ಣಲ್ಲೇ ಕೇಳುತ್ತಿದ್ದ. ಗುಂಪಿನಲ್ಲಿ ಪರಮೇಶಪ್ಪನವರ ಕಡೆಯವರು ಇದ್ದರೆ ಎಂಬುದು ತಲೆಗೆ ಬಂತು, ಸುಳ್ಳೇಕೆ ಹೇಳಲಿ.

'ಕೊಟ್ರೇಶ. ಗಂಡುಹುಡುಗ. ನನ್ನ ಮಗ' ಎಂದೆ.

ಜನ ಗುಜುಗುಜು ಎಂದರು. ಯಾರೋ ನಕ್ಕರು. ಯಾರೋ, 'ಎಂಥಾ ಮೋಸ ನೋಡಬೇ' ಎಂದರು. ಕೊಟ್ರೇಶ ಮಾತ್ರ ತುಟಿ ಅಲುಗಿಸಿ ಹೆಸರನ್ನು ತಾನೂ ಒಂದು ಸಲ ಹೇಳಿಕೊಂಡ. ಮಾಂತೇಶ ಮೊದಲ ಎಳೆ ಕತ್ತರಿಸಿದ. ಉಳಿದದ್ದು ಹೋಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ, ಇದ್ದದ್ದೇ ಅಷ್ಟು. ಅವ್ವ ರಟ್ಟಿನ ಡಬ್ಬಿಯನ್ನೂ ತಂದಿದ್ದಳು. ಅದನ್ನು ಕೂದಲಿನ ಮೇಲೆ ಸುರುವಿ, ಭಂಡಾರದ ಅರಿಸಿನ ಹಾಕಿ, 'ತಡಾ ಆತಪ್ಪ, ಹೊಟ್ಟಿಗೆ ಹಾಕ್ಕೋ' ಎಂದು ಅಡ್ಡಬಿದ್ದಳು. ನಾನೂ ಬಿದ್ದೆ.

೨೬ ಸೆಪ್ಟೆಂಬರ್, ಮಂಗಳವಾರ

ಭುವನಾ ನಿನ್ನೆ ಬೆಂಗಳೂರಿಗೆ ಹೋದಳು. ಹೋಗುವಾಗ, ಸೈಟು ಮಾರಿ ಅವರ ಹಣ ಕೊಟ್ಟುಬಿಡಿ, ಕಡಿಮೆ ಬಿದ್ದದ್ದನ್ನು ನಾನು ನೋಡುತ್ತೇನೆ ಎಂದಳು.

ಕೊಟ್ರೇಶ ಎರಡು ಸಂಜೆಯಿಂದ ನನ್ನ ಹತ್ತಿರ ಬಂದಿಲ್ಲ. ಆರು ಗಂಟೆಗೆ ಅವ್ವನ ಹಿಂದೆ ಅಡುಗೆಮನೆಗೆ ಹೋಗಿಬಿಡುತ್ತಾನೆ.

ಇವತ್ತು ಶಾಲೆಯಿಂದ ಬಂದರೆ ಮನೆಯ ಮುಂದೆ ಪರಮೇಶಪ್ಪನವರ ಕಾರು. ಕರಾರು, ಬಡ್ಡಿ ಎಲ್ಲ ನೆನಪಾದವು. ಆದರೆ ಮನುಷ್ಯ ನಗುತ್ತಿದ್ದ. ಕೊಟ್ರೇಶನ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಚಹಾ ಕುಡಿಯುತ್ತ ಕೂತಿದ್ದ.

'ಹೆದರಬ್ಯಾಡ್ರಿ ಮಾಸ್ತರ. ಕೆಟ್ಟದ್ದ ಚೊಲೊ ಆತು. ಈಗ ಬೋಳು ತಲಿ ತಗಿಯೂಣು, ಜಡಿ ಹೆಂಗೂ ಏಪ್ರಿಲ್ದಾಗ ತಗದೇವಿ. ಮೊದಲ ಬೋಳು ತೋರಸೂದು, ಆಮ್ಯಾಲ ಜಡಿ. ಹೆರಳಸಿರಿ ಹಚ್ಚಿದ ಆರ ತಿಂಗಳಿಗೆ ಅಂತ ಬರಸೂದು.'

ದೇವರಗುಡ್ಡದಲ್ಲಿ ಜನ ನೋಡಿದ್ದಾರಲ್ಲ ಎಂದೆ.

'ಮಂದಿ ಮರೀತಾರ್ರಿ. ಈ ಸರ್ತಿ ನೀವೂ ಇರ್ರಿ ಫೋಟೋದಾಗ. ಅಪ್ಪ ಮಗನ ಬೋಳು ತಲಿಗೆ ಎಣ್ಣಿ ಹಚ್ಚೂದು. ಹೆಸರೂ ಹಾಕಸೂಣು, ವೀರೇಂದ್ರ ಮಾಸ್ತರ್ ಅಂತ, ದೊಡ್ಡ ಅಕ್ಷರದಾಗ. ರೊಕ್ಕ ಮೊದಲಿನಕಿಂತ ಹೆಚ್ಚಿಗಿ ಕೊಡತೇನಿ. ಆರೂವರಿಗೆ ಫೋನ್ ಮಾಡತೇನಿ, ನೀವು ಹೂಂ ಅನ್ನೂದೊಂದ ಬಾಕಿ.'

ಸೈಟು ಉಳಿಯುತ್ತದೆ. ರಾಣೆಬೆನ್ನೂರು ಬಸ್ ಸ್ಟ್ಯಾಂಡಿನ ಎದುರು ಎರಡು ಅಂತಸ್ತಿನ ಎತ್ತರದಲ್ಲಿ ನನ್ನ ಹೆಸರು. ಯಾರಿಗೂ ನೋವಿಲ್ಲ, ಕೂದಲು ಬೆಳೆಸಬೇಕಿಲ್ಲ, ಶಾಲೆಗೂ ಕಳಿಸಬಹುದು. ಕಾರು ಓಣಿ ದಾಟುವವರೆಗೂ ಕಟ್ಟೆಯ ಮೇಲೆ ನಿಂತೇ ಇದ್ದೆ. ಇಲ್ಲ ಎಂದು ನಾನು ಹೇಳಿರಲಿಲ್ಲ.

ಒಳಗೆ ಬಂದೆ. ಆರು ಆಗಿತ್ತು. ಅಡುಗೆಮನೆಯಿಂದ ಅವ್ವನ ಕೊಬ್ಬರಿ ಎಣ್ಣೆಯ ಬಟ್ಟಲು ತೆಗೆದುಕೊಂಡು ಪಡಸಾಲೆಯಲ್ಲಿ ಕೂತು, 'ಕೊಟ್ರ್ಯಾ, ಬಾ' ಎಂದೆ.

ಬಂದ. ಬಾಗಿಲ ಹತ್ತಿರ ನಿಂತು ಬಟ್ಟಲು ನೋಡಿದ, ನನ್ನನ್ನು ನೋಡಿದ. ಆಮೇಲೆ ಬೆನ್ನು ಮಾಡಿ ಕೂತು, ಕಾಲು ಮಡಿಚಿ, ಕತ್ತು ನೆಟ್ಟಗೆ ಮಾಡಿ, ಗದ್ದ ಎತ್ತಿ ಹಿಡಿದ. ನೆತ್ತಿಯ ಮೇಲೆ ಕೈಯಿಟ್ಟೆ. ಸಣ್ಣ ತಲೆ, ಬೆಚ್ಚಗಿತ್ತು. ಇಷ್ಟು ದಿನ ಇದು ನನಗೆ ಸಿಕ್ಕಿಯೇ ಇರಲಿಲ್ಲ.

'ಅಪ್ಪಾ, ಇದು ಫೋಟೋಕ್ಕ ಏನು, ಹಂಗ ಸುಮ್ನೇನು?' ಎಂದ.

ಬಟ್ಟಲಿನಲ್ಲಿ ಬೆರಳು ಅದ್ದಿದೆ.

'ಹಂಗ ಸುಮ್ನ' ಎಂದೆ.

ಗದ್ದ ಮೆಲ್ಲಗೆ ಇಳಿಯಿತು. ಬೆನ್ನು ಸಡಿಲಾಯಿತು. ಹಿಂದಕ್ಕೆ ವಾಲಿ ತಲೆಯನ್ನು ನನ್ನ ಮೊಣಕಾಲಿಗೆ ಇಟ್ಟು, 'ನರೀದು ಹೇಳು' ಎಂದ. ಹೇಳಿದೆ. ನರಿ ಬಾವಿಗೆ ಬೀಳುವ ಹೊತ್ತಿಗೆ ಫೋನು ಬಡಿದುಕೊಳ್ಳತೊಡಗಿತು. ಅವ್ವ ಅಡುಗೆಮನೆಯಿಂದ ಇಣುಕಿ, 'ಫೋನ್ ಐತಲ್ಲೋ' ಎಂದಳು.

ಕೈ ಎಣ್ಣೆಯಾಗಿದೆ ಎಂದೆ.